ತಿರುಗಿದ ಮೆಟ್ಟಿಲು

ಡಿಎನ್‌ಎ ಕಟ್ಟಲು ಹಳೆಯ ಲಗ್ನಪತ್ರಿಕೆಗಿಂತ ಒಳ್ಳೆಯ ರಟ್ಟು ಸಿಗಲಿಕ್ಕಿಲ್ಲ. ಅದರ ನಾಲ್ಕು ಅಕ್ಷರಗಳಲ್ಲಿ ಎ ಮತ್ತು ಜಿ ತುಂಡುಗಳನ್ನು ಉದ್ದಕ್ಕೆ, ಟಿ ಮತ್ತು ಸಿ ತುಂಡುಗಳನ್ನು ಗಿಡ್ಡಕ್ಕೆ ಕತ್ತರಿಸಿ. ಎ ಅಂಚಿಗೆ ಎರಡು ಹಲ್ಲು, ಟಿ ಅಂಚಿಗೆ ಅದಕ್ಕೆ ಹೊಂದುವ ಎರಡು ಕಚ್ಚು. ಜಿ, ಸಿ ತುಂಡುಗಳಿಗೆ ಮೂರು ಮೂರು. ಈ ಹಲ್ಲುಗಳೇ ಹೈಡ್ರೋಜನ್ ಬಂಧಗಳು. ನಿಯಮ ಹೇಳಬೇಡಿ, ಏಣಿ ಕಟ್ಟಿ ಅಂತ ಮಕ್ಕಳ ಕೈಗೆ ಕೊಟ್ಟುಬಿಡಿ. ಉದ್ದಕ್ಕೆ ಉದ್ದ ಜೋಡಿಸಿದವರ ಏಣಿ ಹೊಟ್ಟೆ ಬಿಡುತ್ತದೆ, ಗಿಡ್ಡಕ್ಕೆ ಗಿಡ್ಡ ಇಟ್ಟವರದು ಸೊಂಟ ಸೊರಗುತ್ತದೆ. ಎ ಪಕ್ಕ ಸಿ ಇಟ್ಟರೆ ಅಗಲವೇನೋ ಸರಿ, ಹಲ್ಲು ಕೂಡುವುದಿಲ್ಲ. ‘ಎ-ಗೆ ಟಿ-ನೇ ಆಗ್ಬೇಕು’ ಎಂದು ಯಾರಾದರೂ ಕೂಗುವ ತನಕ ಸುಮ್ಮನಿರುವುದೇ ಕಷ್ಟದ ಕೆಲಸ.

ಮಕ್ಕಳಾಟ ಎನ್ನಬೇಡಿ. 1953ರ ಫೆಬ್ರವರಿಯಲ್ಲಿ ಕೇಂಬ್ರಿಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಡಿಎನ್‌ಎ ರಚನೆ ಹುಡುಕುತ್ತಿದ್ದ ಜೇಮ್ಸ್ ವಾಟ್ಸನ್ ಮಾಡಿದ್ದೂ ಇದನ್ನೇ. ವರ್ಕ್‌ಶಾಪಿನಿಂದ ಲೋಹದ ತುಂಡುಗಳು ಬರುವುದು ತಡವಾಗಿ ರಟ್ಟು ಕತ್ತರಿಸಿ ಕೂತರು. ಪುಸ್ತಕದ ಚಿತ್ರ ನಂಬಿ ಮೊದಲು ಎ-ಗೆ ಎ ಜೋಡಿಸಲು ಹೋಗಿದ್ದರು. ಆ ಚಿತ್ರವೇ ತಪ್ಪು ಎಂದವರು ಅದೇ ಕೋಣೆಯಲ್ಲಿದ್ದ ರಸಾಯನಶಾಸ್ತ್ರಜ್ಞ ಜೆರ್ರಿ ಡೊನಹ್ಯೂ. ಏಣಿ ತಿರುಚಿ ಆಗುವ ಸುರುಳಿಯ ಅಳತೆ ಸಿಕ್ಕಿದ್ದು ಮಾತ್ರ ಲಂಡನ್ನಿನಲ್ಲಿ ರೋಸಲಿಂಡ್ ಫ್ರಾಂಕ್ಲಿನ್ ನಡೆಸಿದ ಎಕ್ಸ್-ರೇ ಕೆಲಸದಿಂದ. ಅದನ್ನು ಹೇಳದೆ ಈ ಪಾಠ ಮುಗಿಸಬಾರದು. ಅಂದ ಹಾಗೆ, ಏಣಿಯನ್ನು ತಿರುಚುವಾಗ ಸ್ಕ್ರೂವಿನ ಸುರುಳಿಯ ದಿಕ್ಕನ್ನೇ ಅನುಸರಿಸಿ, ಒಂದು ಸುತ್ತಿಗೆ ಸುಮಾರು 10 ಮೆಟ್ಟಿಲು. ತಪ್ಪು ದಿಕ್ಕಿಗೆ ತಿರುಚಿದ ಡಿಎನ್‌ಎ ಅಚ್ಚಾದ ಪುಸ್ತಕಗಳಲ್ಲೂ ಕಾಣಸಿಗುತ್ತದೆ.

ಇನ್ನು ಮ್ಯುಟೇಶನ್, ಅಂದರೆ ಈ ಅಕ್ಷರಗಳು ಬದಲಾಗುವುದು ಇಲ್ಲವೇ ಬಿದ್ದುಹೋಗುವುದು. ಜೀವಕೋಶ ಈ ಅಕ್ಷರಗಳನ್ನು ಮೂರು ಮೂರಾಗಿ ಓದಿ, ಮೂರಕ್ಕೊಂದು ಅಮೈನೋ ಆಮ್ಲ ಪೋಣಿಸಿ ಪ್ರೋಟೀನ್ ಕಟ್ಟುತ್ತದೆ. ಬೋರ್ಡಿನ ಮೇಲೆ ‘ಅವನ ಮಗಳ ಮದುವೆ’ ಎಂದು ಬರೆಯಿರಿ. ಒಂದಕ್ಷರ ಬದಲಾಗಿ ‘ಅವನ ಮಗನ ಮದುವೆ’ ಆದರೆ ಮಾತು ನೆಟ್ಟಗೇ ಇದೆ, ಬೀಗರು ಮಾತ್ರ ಬೇರೆ. ‘ವ’ ಬಿದ್ದುಹೋದರೆ ‘ಅನಮ ಗಳಮ ದುವೆ’. ಅಲ್ಲಿಂದ ಮುಂದೆ ಎಲ್ಲ ಎಡವಟ್ಟು.

ಈಗ ಹಿಮೋಗ್ಲೋಬಿನ್ ಜೀನಿನಿಂದ ಜಿ-ಎ-ಜಿ ಎಂಬ ಮೂರು ಮೆಟ್ಟಿಲು ಕಟ್ಟಿಸಿ, ನಡುವಿನ ಎ-ಟಿ ಕಿತ್ತು, ತಿರುಗಿಸಿ ಟಿ-ಎ ಮಾಡಿ ಕೂರಿಸಿ. ಜಿ-ಟಿ-ಜಿ ಆಯಿತು. ಏಣಿ ಉಬ್ಬುವುದಿಲ್ಲ, ಹಲ್ಲು ಸಡಿಲಾಗುವುದಿಲ್ಲ. ‘ಏನೂ ಆಗ್ಲೇ ಇಲ್ವಲ್ಲ?’ ಇಷ್ಟು ರಟ್ಟು ಕತ್ತರಿಸಿದ್ದು ಈ ಪ್ರಶ್ನೆಗಾಗಿಯೇ. ಆದದ್ದು ಪ್ರೋಟೀನಿನಲ್ಲಿ: ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ 146 ಅಮೈನೋ ಆಮ್ಲಗಳಲ್ಲಿ ಆರನೆಯದು ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿ ನಾರಾಗುತ್ತವೆ, ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಅಪ್ಪ, ಅಮ್ಮ ಇಬ್ಬರಿಂದಲೂ ಈ ತಿರುಗಿದ ಮೆಟ್ಟಿಲು ಬಂದ ಮಗುವಿಗೆ ಸಿಕಲ್ ಸೆಲ್ ರಕ್ತಹೀನತೆ. ಈ ಒಂದೇ ಅಮೈನೋ ಆಮ್ಲದ ಅದಲುಬದಲನ್ನು 1957ರ ಹೊತ್ತಿಗೆ ಹಿಡಿದು ತೋರಿಸಿದ ವರ್ನನ್ ಇನ್‌ಗ್ರಾಮ್ ಕೆಲಸ ಮಾಡುತ್ತಿದ್ದುದೂ ಅದೇ ಕ್ಯಾವೆಂಡಿಷ್‌ನಲ್ಲಿ.