ಮೊಮ್ಮಗಳೂ ಕಪ್ಪು-ಬಿಳುಪು ಫಿಲ್ಮೂ

ಕಳೆದ ಬೇಸಗೆಯಲ್ಲಿ ನಮ್ಮ ತಂದೆಯವರು ತಮ್ಮ ಹಳೆಯ ಕ್ಯಾಮರಾವನ್ನು ಪೆಟ್ಟಿಗೆಯಿಂದ ಹೊರತೆಗೆದು, ಮೂರು ವರ್ಷದ ಮೊಮ್ಮಗಳ ಚಿತ್ರಗಳನ್ನು ಒಂದು ಸುರುಳಿ ಕಪ್ಪು-ಬಿಳುಪು ಫಿಲ್ಮಿನಲ್ಲಿ ತೆಗೆದರು. ಅಂಥ ಫಿಲ್ಮು ಈಗಲೂ ತಯಾರಾಗುತ್ತಿದೆಯೆಂಬುದು ಅನೇಕರಿಗೆ ತಿಳಿಯದು. 36 ಚಿತ್ರಗಳ ಪೈಕಿ ಮೂವತ್ತರಷ್ಟರಲ್ಲಿ ಮಗುವಿನ ಮುಖವು ಮಂಜಿನಲ್ಲಿ ಕರಗಿದಂತೆ ಮೂಡಿತ್ತು. “ಇನ್ನು ನನ್ನ ಕೈ ನಿಲ್ಲುವುದಿಲ್ಲಪ್ಪ, ಇದನ್ನು ನೀನೇ ಇಟ್ಟುಕೊ” ಎಂದು ಹೇಳಿ ಅವರು ಕ್ಯಾಮರಾವನ್ನು ನನ್ನ ಮೇಜಿನ ಮೇಲಿಟ್ಟುಬಿಟ್ಟರು. ಎಪ್ಪತ್ತನಾಲ್ಕು ವರ್ಷದ ಹಿರಿಯರು ತಮ್ಮ ಕೈಗಳ ವಿಷಯದಲ್ಲಿ ಇಂಥ ತೀರ್ಪು ಕೊಟ್ಟುಕೊಂಡಾಗ ಮಗನಾದವನು ಸಮಾಧಾನ ಹೇಳುವುದು ಸುಲಭ. ಆದರೆ ಬರಿಯ ಸಮಾಧಾನವನ್ನು ನಂಬುವವರಲ್ಲ ನಮ್ಮ ತಂದೆ. ಆದುದರಿಂದ ನಾನು ನೆಗೆಟಿವ್‌ಗಳನ್ನು ಬೆಳಕಿಗೆ ಹಿಡಿದು, ಭೂತಗನ್ನಡಿಯಿಂದ ಒಂದೊಂದನ್ನೇ ಪರೀಕ್ಷಿಸಿದೆನು.

ಕಂಡುಬಂದುದು ಇಷ್ಟು. ಮಗುವಿನ ಮುಖ ಹರಡಿಕೊಂಡಿದೆ. ಕೈಗಳಂತೂ ಗುರುತು ಸಿಗದಂತಿವೆ. ಆದರೆ ಅವಳ ಬೆನ್ನಹಿಂದಿನ ಬಾಗಿಲ ಚೌಕಟ್ಟು, ಕಾಲಬಳಿಯ ರಂಗೋಲಿಯ ಎಳೆಗಳು, ಅಷ್ಟೇಕೆ, ನೆಲಕ್ಕೂರಿದ ಅವಳ ಪಾದಗಳೂ ಕೂಡ ಸ್ಪಷ್ಟವಾಗಿ ಮೂಡಿವೆ! ಕ್ಯಾಮರಾ ಅಲುಗಿದ್ದರೆ ಬಾಗಿಲು, ರಂಗೋಲಿ, ಮಗು ಎಂಬ ಭೇದವಿಲ್ಲದೆ ಇಡೀ ಬಿಂಬವೇ ಸರಿದಿರಬೇಕಾಗಿತ್ತು. ಮಸೂರದ ದೂರವನ್ನು ತಪ್ಪಾಗಿ ಹೊಂದಿಸಿದ್ದರೆ ಮುಖದ ದೂರದಲ್ಲಿಯೇ ಇದ್ದ ಪಾದಗಳೂ ಮಸುಕಾಗಬೇಕಾಗಿತ್ತು. ಎರಡೂ ಆಗಿಲ್ಲ. ಅಲುಗಿದುದು ತಾತನ ಕೈಯಲ್ಲ, ಮೊಮ್ಮಗಳ ತಲೆ.

ಎಷ್ಟು ಅಲುಗಿತು? ಪ್ರೌಢಶಾಲೆಯ ಮಸೂರದ ಸೂತ್ರವೊಂದೇ ಈ ಲೆಕ್ಕಕ್ಕೆ ಸಾಕು. ಮಸೂರದ ಸಂಗಮದೂರ 50 ಮಿ.ಮೀ.; ಮಗು 2 ಮೀಟರು ದೂರದಲ್ಲಿದ್ದಿತು. ಫಿಲ್ಮಿನ ಮೇಲೆ ಬಿಂಬವು ವಸ್ತುವಿನ 39ನೆಯ ಒಂದು ಭಾಗದಷ್ಟಿರುತ್ತದೆ. ಬಾಗಿಲ ಬಳಿಯ ಬೆಳಕಿಗೆ ತಂದೆಯವರು ಆರಿಸಿದ್ದ ಷಟರಿನ ವೇಗ ಸೆಕೆಂಡಿನ 30ನೆಯ ಒಂದು ಭಾಗ, ಮಸೂರದ ಕಿಂಡಿ ಎಫ್ 8. ಮೂರು ವರ್ಷದ ಮಗು ಸುಮ್ಮನೆ ತಲೆ ತಿರುಗಿಸಿದರೂ ಮೂಗಿನ ತುದಿಯು ಸೆಕೆಂಡಿಗೆ ಅರ್ಧ ಮೀಟರಿನಂತೆ ಚಲಿಸಿತೆನ್ನೋಣ. ಷಟರು ತೆರೆದಿದ್ದ ಅವಧಿಯಲ್ಲಿ ಮೂಗು ಸುಮಾರು 17 ಮಿ.ಮೀ. ಸರಿದಿರುತ್ತದೆ; ಫಿಲ್ಮಿನ ಮೇಲೆ ಅದು 0.43 ಮಿ.ಮೀ. ಆದರೆ ಈ ಅಳತೆಯ ಫಿಲ್ಮಿನಲ್ಲಿ ಸುಮಾರು 0.03 ಮಿ.ಮೀ. ಒಳಗಿನ ಹರಡುವಿಕೆಯನ್ನು ಮಾತ್ರ ನಮ್ಮ ಕಣ್ಣು ಕ್ಷಮಿಸುತ್ತದೆ. ಅಂದರೆ ಮಗುವಿನ ಮೂಗು 1.2 ಮಿ.ಮೀ. ಸರಿಯುವುದರೊಳಗಾಗಿ ಷಟರು ಮುಚ್ಚಬೇಕು. ಇದಕ್ಕೆ ಸೆಕೆಂಡಿನ 500ನೆಯ ಒಂದು ಭಾಗದ ವೇಗ ಬೇಕಾಗುತ್ತದೆ.

ಇಲ್ಲಿ ತೊಡಕು ಬರುತ್ತದೆ. ಫಿಲ್ಮಿನ ಮೇಲಿರುವುದು ಜಿಲಟಿನ್ನಿನಲ್ಲಿ ಹರಡಿದ ಸಿಲ್ವರ್ ಬ್ರೋಮೈಡಿನ ಅತಿ ಸಣ್ಣ ಹರಳುಗಳು. ಬೆಳಕಿನ ಕಣಗಳು ಬಿದ್ದಾಗ ಹರಳಿನಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಒಂದೆಡೆ ಗುಂಪುಗೂಡುತ್ತವೆ. ಕಣ್ಣಿಗೆ ಕಾಣದ ಈ ಗುರುತಿನ ಆಧಾರದಿಂದಲೇ ಡೆವೆಲಪರ್ ದ್ರಾವಣವು ಇಡೀ ಹರಳನ್ನು ಕಪ್ಪು ಬೆಳ್ಳಿಯನ್ನಾಗಿ ಮಾಡುವುದು. ಗುಂಪು ತೀರ ಚಿಕ್ಕದಾದರೆ ಹರಳು ಏನೂ ಕಾಣದಂತೆಯೇ ಉಳಿದುಬಿಡುತ್ತದೆ. ಷಟರಿನ ಅವಧಿಯನ್ನು 16ನೆಯ ಒಂದು ಭಾಗಕ್ಕೆ ಇಳಿಸಿದರೆ ಬೆಳಕೂ ಅಷ್ಟೇ ಇಳಿಯುತ್ತದೆ. ಆ ಹದಿನಾರು ಪಟ್ಟನ್ನು ಎಲ್ಲಿಂದಲಾದರೂ ಸಂಪಾದಿಸಲೇಬೇಕು.

ಈ ಬೆಳಕಿನ ಬಡತನವು ಬಹಳ ಹಳೆಯದು. ಕಲ್ಕತ್ತೆಯಲ್ಲಿ 1815ರಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಎಂಬಾಕೆಗೆ 1863ರ ಡಿಸೆಂಬರಿನಲ್ಲಿ ಮಗಳೂ ಅಳಿಯನೂ ಒಂದು ಕ್ಯಾಮರಾವನ್ನು ಉಡುಗೊರೆಯಾಗಿ ಕೊಟ್ಟರು. ಆಗ ಆಕೆಗೆ 48 ವರ್ಷ. 1865ರಲ್ಲಿ ಆಕೆ ತನ್ನ ಮೊಮ್ಮಗ ಆರ್ಚಿಯ ಚಿತ್ರಗಳನ್ನು ತೆಗೆದಳು. ಮಗುವಿಗೆ ಎರಡು ವರ್ಷ ಮೂರು ತಿಂಗಳು. ಅವುಗಳಲ್ಲಿ ಪ್ರಸಿದ್ಧವಾದುದರಲ್ಲಿ ಮಗು ನಿದ್ರಿಸುತ್ತಿದೆ. ಆಕೆ ಬಳಸುತ್ತಿದ್ದ ಹಸಿ ಕೊಲೋಡಿಯನ್ ಗಾಜುಫಲಕಗಳು ಬೆಳಕನ್ನು ಹಲವು ಸೆಕೆಂಡುಗಳ ಕಾಲ, ಕೆಲವೊಮ್ಮೆ ನಿಮಿಷಗಳ ಕಾಲ, ಬೇಡುತ್ತಿದ್ದವು. ನಿದ್ರೆಯ ಆಯ್ಕೆಯಲ್ಲಿ ಕಲೆಯಷ್ಟೇ ಭೌತಶಾಸ್ತ್ರವೂ ಇದ್ದಿರಬೇಕೆಂದು ನನಗೆ ತೋರುತ್ತದೆ. ಎಚ್ಚರವಿರುವ ಕೂಸಿನ ಚಿತ್ರ ಬೇಕಾದಾಗ, ಆ ಕಾಲದ ಸ್ಟುಡಿಯೋಗಳಲ್ಲಿ ತಾಯಿಯೇ ತಲೆಯವರೆಗೆ ಬಟ್ಟೆ ಹೊದ್ದು ಕುರ್ಚಿಯಂತೆ ಕುಳಿತು, ಮಗುವನ್ನು ಅಲುಗದಂತೆ ಹಿಡಿದಿರುತ್ತಿದ್ದುದೂ ಉಂಟು!

ನಮಗೆ ಅಷ್ಟು ಕಷ್ಟವಿರಲಿಲ್ಲ. 100ರ ಫಿಲ್ಮಿನ ಬದಲು ಐ.ಎಸ್.ಓ. 400ರ ಫಿಲ್ಮನ್ನು ತಂದೆವು. ನಾಲ್ಕು ಪಟ್ಟು ಲಾಭವಾಯಿತು. ಕಿಂಡಿಯನ್ನು ಎಫ್ 8ರಿಂದ ಎಫ್ 4ಕ್ಕೆ ಅಗಲಿಸಿದೆವು. ಮತ್ತೆ ನಾಲ್ಕು ಪಟ್ಟು. ಎರಡೂ ಕೂಡಿ ಹದಿನಾರು. ಹಳೆಯ ಫಿಲ್ಮಿನಲ್ಲಿಯೇ ಕಿಂಡಿಯನ್ನು ಎಫ್ 2ರವರೆಗೆ ತೆರೆಯಬಹುದಾಗಿತ್ತಲ್ಲವೆ ಎಂದು ನೀವು ಕೇಳಬಹುದು. ಕಿಂಡಿ ಅಗಲವಾದಷ್ಟೂ ಸ್ಪಷ್ಟವಾಗಿ ಮೂಡುವ ವಲಯವು ತೆಳುವಾಗುತ್ತದೆ. 2 ಮೀಟರು ದೂರದಲ್ಲಿ ಎಫ್ 4ಕ್ಕೆ ಈ ವಲಯ ಸುಮಾರು 39 ಸೆಂ.ಮೀ., ಎಫ್ 2ಕ್ಕೆ 19 ಸೆಂ.ಮೀ. ಮಾತ್ರ. ಓಡಿ ಬಂದು ತಾತನ ಮೊಣಕಾಲು ಹಿಡಿಯುವ ಮಗುವಿಗೆ 19 ಸೆಂ.ಮೀ. ಏನೇನೂ ಸಾಲದು.

ಬೆಳಕನ್ನು ಹೆಚ್ಚಿಸದೆಯೇ ಗೆಲ್ಲುವ ಇನ್ನೊಂದು ಉಪಾಯವಿದೆ, ನನಗೆ ಬಹಳ ಮೆಚ್ಚುಗೆಯಾದುದು: ಚಲನೆಯೇ ನಿಲ್ಲುವ ಗಳಿಗೆಯನ್ನು ಕಾಯುವುದು. ಹಿತ್ತಲಿನ ಉಯ್ಯಾಲೆಯ ಹಗ್ಗ 2 ಮೀಟರು. ಅದು 20 ಅಂಶಗಳವರೆಗೆ ತೂಗುತ್ತದೆಯೆನ್ನಿರಿ. ತೀರ ಕೆಳಗೆ ಬಂದಾಗ ವೇಗ ಸೆಕೆಂಡಿಗೆ ಸುಮಾರು ಒಂದೂವರೆ ಮೀಟರು. ಸೆಕೆಂಡಿನ 60ನೆಯ ಒಂದು ಭಾಗದಲ್ಲಿ ಮಗು 25 ಮಿ.ಮೀ. ಸರಿದುಹೋಗುತ್ತದೆ. ಅದೇ ಉಯ್ಯಾಲೆ ಮೇಲಕ್ಕೇರಿ ಹಿಂದಿರುಗುವ ಬಿಂದುವಿನಲ್ಲಿ ವೇಗವು ಸೊನ್ನೆ. ಆ ಬಿಂದುವಿನ ಆಚೀಚೆ ಅಷ್ಟೇ ಅವಧಿಗೆ ಷಟರು ತೆರೆದರೆ, ಸರಿಯುವುದು ಒಂದು ಮಿ.ಮೀ.ನ ಎಂಟನೆಯ ಒಂದು ಭಾಗ! ಸಂದೇಹವಿದ್ದವರು ಲೋಲಕದ ಪಾಠವನ್ನು ತೆಗೆದು ತಾವೇ ಗುಣಿಸಿ ನೋಡಬಹುದು. ಇನ್ನೂ ಒಂದು ಅನುಕೂಲವೆಂದರೆ, ಆ ಬಿಂದುವು ಪ್ರತಿ ತೂಗಿಗೂ ಬಹುಮಟ್ಟಿಗೆ ಒಂದೇ ಸ್ಥಳದಲ್ಲಿರುವುದರಿಂದ ಮಸೂರವನ್ನು ಮೊದಲೇ ಹೊಂದಿಸಿಟ್ಟು ಕಾಯಬಹುದು.

ಬಣ್ಣಗಳು ಬೂದಿಯಾಗುವ ಬಗೆಯನ್ನೂ ಸ್ವಲ್ಪ ಹೇಳಬೇಕು. ಸಿಲ್ವರ್ ಬ್ರೋಮೈಡ್ ಸ್ವಭಾವತಃ ನೀಲಿ, ನೇರಳೆಗಳನ್ನು ಮಾತ್ರ ಅರಿಯುತ್ತದೆ. 1873ರಲ್ಲಿ ಜರ್ಮನಿಯ ಹೆರ್ಮಾನ್ ಫೋಗೆಲ್ ಎಂಬ ವಿಜ್ಞಾನಿಯು ತಕ್ಕ ವರ್ಣದ್ರವ್ಯವನ್ನು ಬೆರೆಸಿದರೆ ಅದಕ್ಕೆ ಹಸಿರೂ ಕಾಣುವುದೆಂದು ಕಂಡುಕೊಂಡನು. ಕೆಂಪಿನ ಸರದಿ ಆಮೇಲೆ ಬಂದಿತು. ಕೆಂಪು ಕಾಣದ ಫಿಲ್ಮಿನಲ್ಲಿ ಕುಂಕುಮವು ಕಾಡಿಗೆಯಂತೆ ಕಪ್ಪಾಗಿ ಮೂಡುತ್ತದೆ. ಈಗಿನ ಸಾಮಾನ್ಯ ಫಿಲ್ಮು ಎಲ್ಲ ಬಣ್ಣಗಳನ್ನೂ ಕಂಡರೂ ಬಣ್ಣದ ಭೇದವನ್ನು ಉಳಿಸುವುದಿಲ್ಲ. ಕೆಂಪು ಲಂಗವೂ ಅದರ ಹಿಂದಿನ ಹಸಿರೆಲೆಯೂ ಒಂದೇ ಬೂದುಬಣ್ಣವಾಗಿ ಬೆರೆತುಹೋಗಬಹುದು. ಕೆನ್ನೆಯ ದೃಷ್ಟಿಬೊಟ್ಟು ಮಾತ್ರ ಯಾವ ಫಿಲ್ಮಿನಲ್ಲಿಯೂ ಕಪ್ಪೇ.

ಇದಕ್ಕಿಂತ ದೊಡ್ಡ ಮೋಸ ಸುಣ್ಣದ ಗೋಡೆಯದು. ಬೆಳಕಿನ ಮಾಪಕವು ತನ್ನೆದುರಿನ ದೃಶ್ಯವು ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 18 ಪಾಲನ್ನು ಹಿಂದಿರುಗಿಸುವುದೆಂದು ನಂಬಿಕೊಂಡಿರುತ್ತದೆ. ಬಿಳಿ ಗೋಡೆ ಅದರ ನಾಲ್ಕು ಪಟ್ಟಿಗೂ ಹೆಚ್ಚು ಹಿಂದಿರುಗಿಸಬಲ್ಲುದು. ಆ ಗೋಡೆಯನ್ನು ನೋಡಿದ ಮಾಪಕವು ‘ಬೆಳಕು ಹೇರಳ’ವೆಂದು ತಿಳಿದು ಫಿಲ್ಮಿಗೆ ನಾಲ್ಕನೆಯ ಒಂದು ಪಾಲನ್ನಷ್ಟೇ ಬಡಿಸುತ್ತದೆ, ಮುಖ ಮಸಿಯಂತಾಗುತ್ತದೆ. ಆಗ ಮನೆಯವರು ಮಗುವಿನ ಬಣ್ಣವನ್ನು ಆಡಿಕೊಳ್ಳುವುದನ್ನು ಕೇಳಿದ್ದೇನೆ. ಇದು ಶುದ್ಧ ಅನ್ಯಾಯ. ಮಗುವಿನ ಮುಖದ ಬಳಿ ಅಂಗೈ ಹಿಡಿದು, ಅದರ ಬೆಳಕನ್ನಷ್ಟೇ ಅಳೆದು, ಮಾಪಕವು ಹೇಳಿದುದರ ಎರಡರಷ್ಟು ಬೆಳಕು ಕೊಟ್ಟರೆ ತೊಂದರೆ ತಪ್ಪುತ್ತದೆ. ಅಂಗೈಯ ಬಣ್ಣದಲ್ಲಿ ಮನುಷ್ಯರೊಳಗೆ ವ್ಯತ್ಯಾಸ ಕಡಮೆ.

ಈ ಲೆಕ್ಕಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದು, ಮೊದಲ ಸುರುಳಿಯ ನೆಗೆಟಿವ್‌ಗಳ ಜೊತೆಗೆ ತಂದೆಯವರ ಮುಂದಿಟ್ಟೆನು. ಅವರು ಮಾತನಾಡದೆ ಭೂತಗನ್ನಡಿಯನ್ನು ತೆಗೆದುಕೊಂಡು ರಂಗೋಲಿಯ ಎಳೆಗಳನ್ನು ಬಹಳ ಹೊತ್ತು ನೋಡಿದರು. ಮರುದಿನ ಕ್ಯಾಮರಾ ನನ್ನ ಮೇಜಿನ ಮೇಲಿರಲಿಲ್ಲ.

ಎರಡನೆಯ ಸುರುಳಿಯಲ್ಲಿ ಹತ್ತೊಂಬತ್ತು ಚಿತ್ರಗಳು ಚೆನ್ನಾಗಿ ಬಂದಿವೆ. ಉಯ್ಯಾಲೆಯ ತುದಿಯಲ್ಲಿ ಹಿಡಿದ ಒಂದರಲ್ಲಿ ಹಾರಿದ ಕೂದಲೆಳೆಗಳನ್ನು ಎಣಿಸಬಹುದು. ಸಂಜೆ ನಡುಮನೆಯಲ್ಲಿ ಸೆಕೆಂಡಿನ 15ನೆಯ ಒಂದು ಭಾಗದಲ್ಲಿ ತೆಗೆದ ಎರಡರಲ್ಲಿ ಮಾತ್ರ ಮಗುವಿನೊಡನೆ ಕಂಬವೂ ಕಿಟಕಿಯ ಸರಳೂ ಒಂದೇ ದಿಕ್ಕಿಗೆ ಸರಿದಿವೆ. ಅವೆರಡನ್ನೂ ತಂದೆಯವರೇ ಭೂತಗನ್ನಡಿಯಿಂದ ಪತ್ತೆಹಚ್ಚಿ, ಬೇರೆಯಾಗಿ ತೆಗೆದಿಟ್ಟು, “ಇವು ನನ್ನವು” ಎಂದರು.