ಸಾರಥಿಯ ಮಾತು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಸುತ್ತಣ ಹಳ್ಳಿಗಳಲ್ಲಿ ಅಟ್ಟ ಕಟ್ಟಿ ಆಡುವ ದೊಡ್ಡಾಟವನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಕಿರೀಟ ಭುಜಕೀರ್ತಿಗಳ ರಾಜರು ರಾತ್ರಿಯೆಲ್ಲ ಕುಣಿದರೂ, ಬೆಳಗಿನಲ್ಲಿ ಮನೆಗೆ ಮರಳುವ ಜನರ ನಾಲಗೆಯ ಮೇಲೆ ಉಳಿಯುವುದು ಸಾರಥಿಯ ಮಾತು. ಅದರ ಬಗೆಯನ್ನು ಇಲ್ಲಿ ವಿಚಾರಿಸೋಣ.

ದೊಡ್ಡಾಟದಲ್ಲಿ ಪದಗಳೂ ರಾಜರ ಮಾತುಗಳೂ ಮೊದಲೇ ರಚಿತವಾದವು. ಪಾತ್ರಧಾರಿಗಳು ಅವನ್ನು ಮಾಸ್ತರರಿಂದ ಕಲಿತು ಬಾಯಿಪಾಠ ಮಾಡಿರುತ್ತಾರೆ. ಸಾರಥಿಗೆ ಬರೆದುಕೊಟ್ಟದ್ದು ಅತ್ಯಲ್ಪ. ರಂಗಕ್ಕೆ ಬಂದವರನ್ನು ಯಾರು, ಎತ್ತಣವರು, ಬಂದ ಕಾರಣವೇನು ಎಂದು ಕೇಳುವುದು ಅವನ ಕೆಲಸ, ಮಿಕ್ಕುದು ಆಶುವಾಕ್ಕು. ದುರ್ಯೋಧನನು ತನ್ನ ಬಿರುದುಗಳನ್ನೆಲ್ಲ ಹೇಳಿ ಮುಗಿಸಿದನೆನ್ನಿ. “ಅದೆಲ್ಲ ಖರೇರಿ ಮಹಾರಾಜ್ರ, ಇವತ್ತ ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ಧಾರಣಿ ಎಷ್ಟೈತಿ, ಅದನ್ನಷ್ಟ ಹೇಳ್ರಿ” ಎಂದುಬಿಡುತ್ತಾನೆ!

ಇದು ಬಾಯಿಗೆ ಬಂದಂತೆ ಆಡುವುದಲ್ಲ. ಇದಿರು ಪಾತ್ರದ ಮಾತಿನ ತುದಿಯನ್ನೇ ಹಿಡಿಯಬೇಕು. ರಾಜನ ಗಾಂಭೀರ್ಯ ಕೆಡಬಾರದು. ಅದು ಕೆಟ್ಟರೆ ನಗೆಯೂ ಕೆಟ್ಟಿತು. ಭಾಗವತನು ಮುಂದಿನ ಪದ ಎತ್ತಿಕೊಳ್ಳುವ ಹೊತ್ತಿಗೆ ಕಥೆಯ ದಾರಿಗೆ ಮರಳಿರಬೇಕು.

ಇಂಥ ಕಲೆ ಬೇರೆಡೆಗಳಲ್ಲಿಯೂ ಉಂಟು. ಕರಾವಳಿಯ ತಾಳಮದ್ದಳೆಯಲ್ಲಿ ಪದವಷ್ಟೇ ಕವಿಯದು. ಅರ್ಥವನ್ನು ಆಗಿಂದಾಗ ಹೇಳಬೇಕು. ಇಟಲಿಯ ‘ಕಾಮೆಡಿಯಾ ದೆಲ್ಲಾರ್ತೆ’ ನಟರು 16ನೆಯ ಶತಮಾನದಲ್ಲಿಯೇ ಕಥೆಯ ಹಂದರವೊಂದನ್ನು ಹಿಡಿದು ನಗಿಸುತ್ತಿದ್ದರು. ಅಮೆರಿಕದ ಷಿಕಾಗೊದಲ್ಲಿ 1959ರಲ್ಲಿ ‘ಸೆಕೆಂಡ್ ಸಿಟಿ’ ಎಂಬ ತಂಡ ಹುಟ್ಟಿತು. 1967ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ‘ಹೆರಾಲ್ಡ್’ ಎಂಬ ಬಗೆ ರೂಪುಗೊಂಡಿತು. ಪ್ರೇಕ್ಷಕರು ಕೊಟ್ಟ ಒಂದು ಮಾತಿನಿಂದ ದೀರ್ಘವಾದ ಆಟವನ್ನು ಹೆಣೆಯುವುದು ಅದರ ಕ್ರಮ.

ಪಂಡಿತನೆಂಬ ಹಮ್ಮಿನಿಂದ ನಾನೊಮ್ಮೆ ಹಳ್ಳಿಯೊಂದರ ವೃದ್ಧ ಸಾರಥಿಗೆ ಮಾತುಗಳನ್ನು ತಿದ್ದಿ ಬರೆದುಕೊಟ್ಟೆನು. “ಮಾಸ್ತರ್ರು ಬರದಾರ” ಎಂಬ ಗೌರವದಿಂದ ಅವನು ಅದನ್ನೇ ಒಪ್ಪಿಸಿದನು. ಒಬ್ಬರೂ ನಗಲಿಲ್ಲ. ನಡುರಾತ್ರಿ ನಾಯಿಯೊಂದು ಅಟ್ಟ ಹತ್ತಿತು. ಸಾರಥಿ ಕೈಮುಗಿದು, “ಬರ್ರಿ, ತಮ್ಮದ್ಯಾವ ರಾಜ್ಯರಿ?” ಎಂದನು. ಬಯಲಿಗೆ ಬಯಲೇ ನಕ್ಕಿತು. ನನ್ನ ಹಾಳೆ ಮತ್ತೆ ಅವನ ಜೇಬಿನಿಂದ ಹೊರಬರಲಿಲ್ಲ.

ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯವೇ ಸ್ಥಾಪಿತವಾಗಿದೆ. ಆಟದ ಪದಗಳನ್ನು ಬರೆದಿಡಬಹುದು, ಬಾನುಲಿಯಲ್ಲಿ ಕೇಳಿಸಬಹುದು. ಆದರೆ ಆ ನಾಯಿಗೆ ಆಡಿದ ಮಾತು ಯಾವ ಹಸ್ತಪ್ರತಿಯಲ್ಲಿದ್ದೀತು? ಅದನ್ನು ಹಿರಿಯ ಸಾರಥಿಯ ಪಕ್ಕದಲ್ಲಿ ನಿಂತೇ ಕಲಿಯಬೇಕು. ನಿಲ್ಲುವ ಹುಡುಗರು ಬೇಕು. ಮುಂದಿನ ಬಾರಿ ಆಟವಿದೆಯೆಂದು ಕೇಳಿದಾಗ ರೇಡಿಯೊವನ್ನು ಒಂದು ರಾತ್ರಿ ಮೌನವಾಗಿರಿಸಿ, ಮಕ್ಕಳ ಕೈಹಿಡಿದು ಬಯಲಿಗೆ ಬನ್ನಿರಿ.