ಸಾಮಾಜಿಕ ಎಂಜಿನಿಯರಿಂಗ್: ಚಾಲಗೇಣಿ ಗದ್ದೆ ಹೇಳುವ ಅರ್ಥ

ತೋಡಿಗೆ ಕಟ್ಟ ಹಾಕಿ ನೀರನ್ನು ಗದ್ದೆಗೆ ತಿರುಗಿಸುವಂತೆ, ಜನರ ನಡುವಿನ ಸಂಬಂಧಗಳನ್ನು ಕಾನೂನಿನ ಮೂಲಕ ಯೋಜಿಸಿ ಬದಲಿಸುವುದಕ್ಕೆ ಸಾಮಾಜಿಕ ಎಂಜಿನಿಯರಿಂಗ್ ಎನ್ನುತ್ತಾರೆ. ಅಮೆರಿಕದ ನ್ಯಾಯಶಾಸ್ತ್ರಜ್ಞ ರಾಸ್ಕೋ ಪೌಂಡ್ ಕಾನೂನಿನ ಕೆಲಸವನ್ನು ಇದೇ ಹೆಸರಿನಿಂದ ವಿವರಿಸಿದ್ದರು. (ಫೋನಿನಲ್ಲಿ ನಯವಾಗಿ ಮಾತಾಡಿ ಓ.ಟಿ.ಪಿ. ಕಸಿಯುವ ವಂಚನೆಗೂ ಈಗ ಈ ಹೆಸರಿದೆ. ಅದರ ಮಾತು ಬೇರೆ.) ಹೆಸರು ಹೊಸತೆನಿಸಿದರೂ ಕೆಲಸ ಕರಾವಳಿಯ ರೈತರಿಗೆ ಹೊಸತಲ್ಲ.

ಪೆರ್ಡೂರು, ಕಾಪು, ಕಾರ್ಕಳಗಳು 1997ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಈ ಸೀಮೆಯಲ್ಲಿ ಮೂಲಗೇಣಿದಾರನಿಗೆ ಶಾಶ್ವತ ಹಕ್ಕಿತ್ತು, ಗೇಣಿಯೂ ನಿಗದಿಯಾಗಿತ್ತು. ಚಾಲಗೇಣಿಯ ಒಕ್ಕಲಿಗೆ ಆ ಭದ್ರತೆ ಇರಲಿಲ್ಲ. ಮುಡಿ ಅಕ್ಕಿಯ ಲೆಕ್ಕದ ಗೇಣಿಯನ್ನು ಧಣಿ ಏರಿಸಬಹುದಿತ್ತು, ಒಕ್ಕಲನ್ನು ಎಬ್ಬಿಸಲೂಬಹುದಿತ್ತು. ಇಂಥವನಿಗೆ ತೆಂಗು, ಅಡಿಕೆ ನೆಡು ಎಂದರೆ ಅವನು ನಂಬುವುದು ಹೇಗೆ? ಫಸಲು ಕಾಣಲು ಐದಾರು ವರ್ಷ ಬೇಕು. ಅಷ್ಟು ಕಾಲ ಭೂಮಿ ಕೈಯಲ್ಲಿರುವ ಭರವಸೆಯಿಲ್ಲ. ಬೆಟ್ಟು ಗದ್ದೆಯನ್ನು ಸುಧಾರಿಸಿ ಒಂದು ಮುಡಿ ಹೆಚ್ಚು ಬೆಳೆದರೆ ಅದೇ ಗೇಣಿ ಏರಿಸಲು ನೆಪವಾದೀತು. ಸುಧಾರಿತ ಬೇಸಾಯದ ಸಲಹೆ ಇಲ್ಲಿ ಸೋಲುವುದು ರೈತನ ಅಜ್ಞಾನದಿಂದಲ್ಲ.

ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ 1961ರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ ಈ ಗಂಟನ್ನೇ ಬಿಚ್ಚಿತು. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಗೇಣಿ ಭೂಮಿಯೆಲ್ಲ 1974ರ ಮಾರ್ಚ್ 1ರಂದು ಸರಕಾರಕ್ಕೆ ಸೇರಿತು. ಉಳುವವನು ನಮೂನೆ 7ರಲ್ಲಿ ಡಿಕ್ಲರೇಶನ್ ಕೊಟ್ಟು ಹಕ್ಕು ಕೇಳಬೇಕು. ತೀರ್ಮಾನಿಸುವ ಭೂ ನ್ಯಾಯಮಂಡಳಿಗೆ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು. ಜೊತೆಗೆ ನಾಲ್ವರು ನಾಮಕರಣ ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಪ್ರವೇಶವಿರಲಿಲ್ಲ. ಎಂಜಿನಿಯರಿಂಗ್ ಅಡಗಿರುವುದು ಇಲ್ಲೇ. ಬಾಯಿಮಾತಿನ ಗೇಣಿಗೆ ರಶೀದಿ ಎಲ್ಲಿಂದ ತರುವುದು? ವಕೀಲರಿಗೆ ಹಣ ತೆರುವ ಶಕ್ತಿ ಎಷ್ಟು ಒಕ್ಕಲುಗಳಿಗಿತ್ತು? ಹಕ್ಕು ಘೋಷಿಸಿದರೆ ಸಾಲದು, ಅದು ಬಡವನ ಕೈಗೆಟುಕುವ ದಾರಿಯನ್ನೂ ಕಟ್ಟಬೇಕೆಂದು ಆ ಕಾನೂನು ಬರೆದವರಿಗೆ ತಿಳಿದಿತ್ತು.

ಆದರೆ ಯೋಜನೆಯ ಲೆಕ್ಕಕ್ಕೆ ಸಿಗದವರೂ ಇದ್ದರು. ಎರಡು ಗದ್ದೆಯ ಗೇಣಿಯಿಂದಲೇ ಮನೆ ನಡೆಸುತ್ತಿದ್ದ ವಿಧವೆಗೆ ಕಾಗದದಲ್ಲಿ ಪರಿಹಾರವಿತ್ತು, ಊಟದ ಅಕ್ಕಿ ಮಾತ್ರ ನಿಂತಿತು. ಗೇಣಿಯೇ ಇಲ್ಲದ ಕೂಲಿಯಾಳಿಗೆ ವಾಸದ ಮನೆಯ ಅಡಿಯ ಹಕ್ಕಿನಾಚೆಗೆ ದಕ್ಕಿದ್ದು ಕಡಿಮೆ.

ಇನ್ನೊಂದು ತೊಡಕು ಇಂದಿಗೂ ಕಾಡುತ್ತದೆ. ಹಲವು ಮನೆಗಳಲ್ಲಿ ಡಿಕ್ಲರೇಶನ್ ಹೋದದ್ದು ಹಿರಿಯನೊಬ್ಬನ ಹೆಸರಿನಲ್ಲಿ. ಗದ್ದೆಯಲ್ಲಿ ದುಡಿದವರು ಮನೆಮಂದಿ ಎಲ್ಲ. ಆ ಹಿರಿಯರು ತೀರಿಕೊಂಡ ಬಳಿಕವೂ ಪಹಣಿಯಲ್ಲಿ ಅವರ ಹೆಸರೇ ಉಳಿದಿದ್ದರೆ ಪಾಲು, ಸಾಲ ಎರಡಕ್ಕೂ ಅಡ್ಡಿ. ಅಂಥ ಕುಟುಂಬದವರು ನ್ಯಾಯಮಂಡಳಿಯ ಆದೇಶದ ನಕಲು ಮತ್ತು ನಮೂನೆ 10ರ ಪ್ರಮಾಣಪತ್ರವನ್ನು ಹುಡುಕಿ ತೆಗೆದಿರಿಸಿ, ಹೆಣ್ಣುಮಕ್ಕಳೂ ಸೇರಿದ ವಂಶವೃಕ್ಷದೊಂದಿಗೆ ಪೌತಿ ಖಾತೆಗೆ ಅರ್ಜಿ ಕೊಡಬೇಕು.